ಗ್ಯಾಸಿನ ಕೆಲಸ ಮನೆಯಂಗಳದ್ದಲ್ಲ

ಕಾರಿನ ಏಸಿ ಕಂಪ್ರೆಸರನ್ನು ಮನೆಯಲ್ಲೇ ಬದಲಿಸಿಕೊಳ್ಳುವ ಉತ್ಸಾಹ ನಮ್ಮ ಯುವಕರಲ್ಲಿ ಕಾಣುತ್ತಿದೆ. ಕೂಲಿಯ ಹಣ ಉಳಿಯುವುದಾದರೆ ನಾವೇಕೆ ಬೇಡವೆನ್ನಬೇಕು? ಬ್ಯಾಟರಿಯ ತಂತಿ ಕಳಚಿ, ಬೆಲ್ಟ್ ಸಡಿಲಿಸಿ, ಬೋಲ್ಟುಗಳನ್ನು ಬಿಚ್ಚುವುದು ಕೈಕೆಲಸ ಬಲ್ಲವರಿಗೆ ಅಸಾಧ್ಯವೇನಲ್ಲ.

ಆದರೆ ಕೊಳವೆ ಬಿಚ್ಚಿ ಗ್ಯಾಸನ್ನು ಗಾಳಿಗೆ ಬಿಡುವುದನ್ನು ನಾವು ಒಪ್ಪಲಾರೆವು. ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದು. ಒತ್ತಡದಿಂದ ಚಿಮ್ಮಿದರೆ ಬೆರಳು ಮರಗಟ್ಟೀತು, ಕಣ್ಣಿಗಂತೂ ಗಂಡಾಂತರ. ಓಜೋನ್ ಕೆಡಿಸುತ್ತಿದ್ದ ಆರ್-12ರ ಬದಲಿಗೆ ಬಂದದ್ದೇನೋ ನಿಜ. ಆದರೂ ನೂರು ವರ್ಷಗಳ ಲೆಕ್ಕದಲ್ಲಿ, ಭೂಮಿಯನ್ನು ಕಾಯಿಸುವುದರಲ್ಲಿ ಇದು ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೇಲು. ಇಂಥ ಅನಿಲಗಳನ್ನು ತಗ್ಗಿಸುವ ಕಿಗಾಲಿ ತಿದ್ದುಪಡಿಗೆ ಭಾರತವೂ 2021ರಲ್ಲಿ ಒಪ್ಪಿಗೆಯಿತ್ತಿದೆ.

ಇನ್ನು ನಮ್ಮ ಕರಾವಳಿಯ ಹವೆ. ಕಂಪ್ರೆಸರಿನ ಪ್ಯಾಗ್ ಎಣ್ಣೆ ಆಟಿ ತಿಂಗಳ ಉಪ್ಪಿನಂತೆ ತೇವ ಹೀರುತ್ತದೆ. ಕೊಳವೆಯ ಬಾಯಿ ಮುಚ್ಚದೆ ಊಟಕ್ಕೆ ಹೋದರೆ ಹೊಸ ಕಂಪ್ರೆಸರಿಗೂ ಕೇಡು. ಡ್ರೈಯರನ್ನೂ ಹೊಸದು ಹಾಕಬೇಕು. ಹಳೆಯ ಕಂಪ್ರೆಸರ್ ಕಚ್ಚಿಕೊಂಡು ನಿಂತಿದ್ದರೆ ಲೋಹದ ಪುಡಿ ಕಂಡೆನ್ಸರಿನವರೆಗೂ ಹೋಗಿರಬಹುದು.

ಆದುದರಿಂದ ಮೊದಲು ಗ್ಯಾಸು ಹಿಂತೆಗೆಯುವ ಯಂತ್ರವಿರುವ ವರ್ಕ್‌ಶಾಪಿಗೆ ಹೋಗಿ ಬನ್ನಿ. ಬೋಲ್ಟಿನ ಕೆಲಸ ಮನೆಯಲ್ಲಾಗಲಿ. ವ್ಯಾಕ್ಯೂಮ್ ಎಳೆದು, ಬಾನೆಟ್ಟಿನಡಿಯ ಚೀಟಿಯಲ್ಲಿರುವ ತೂಕದಷ್ಟೇ ಗ್ಯಾಸು ತುಂಬಿಸಲು ಮತ್ತೆ ಅಲ್ಲಿಗೇ. ಯಂತ್ರವಿಲ್ಲದೆ “ಹೊರಗೆ ಬಿಟ್ಟರಾಯಿತು” ಎನ್ನುವವನ ಬಳಿಗೆ, ಕನ್ನಡ ಮಾತನಾಡುತ್ತಾನೆಂಬ ಒಂದೇ ಕಾರಣಕ್ಕೆ ನಾವು ಹೋಗಬೇಕಾಗಿಲ್ಲ.