ಹಣೆಬರಹವೂ ಹಾರ್ಮೋನೂ

ಕ್ಯಾನ್ಸರ್ ಎಂಬ ಶಬ್ದವನ್ನು ಉಚ್ಚರಿಸಲು ನಮ್ಮ ಸೀಮೆಯ ಜನರು ಈಗಲೂ ಅಂಜುತ್ತಾರೆ. 'ದೊಡ್ಡ ಬ್ಯಾನಿ' ಎಂದು ದನಿ ತಗ್ಗಿಸಿ ಹೇಳಿ, 'ಹಣೆಯಲ್ಲಿ ಬರೆದದ್ದು ತಪ್ಪೀತೇ?' ಎಂದು ಮಾತು ಮುಗಿಸುವುದು ದೇವದುರ್ಗದ ಕಟ್ಟೆಯ ಮೇಲೂ ಉಂಟು, ಮಾನ್ವಿಯ ಬಸ್ ನಿಲ್ದಾಣದಲ್ಲೂ ಉಂಟು. ಓದಿದ ನಾವು ಈ ಮಾತಿಗೆ ನಗುತ್ತೇವೆ. ಆದರೆ ನಮ್ಮಲ್ಲಿಯೂ ಒಂದು ಹೊಸ ಹಣೆಬರಹ ಹುಟ್ಟಿಕೊಳ್ಳುತ್ತಿದೆ. 'ಎಲ್ಲವೂ ಹಾರ್ಮೋನು, ಎಲ್ಲವೂ ವಂಶಗುಣ, ನಮ್ಮ ಕೈಯಲ್ಲೇನಿದೆ?' ಎಂಬುದೇ ಅದು. ವಿಜ್ಞಾನವು ಹೇಳುವುದು ನಿಜವಾಗಿ ಇದೇ ಏನು? ಕಲಾ ವಿಭಾಗದಲ್ಲಿ ಓದುವ ನಾನು ವೈದ್ಯಶಾಸ್ತ್ರ ಬಲ್ಲವರ ಸಾಲಿಗೆ ಸೇರಿದವರಲ್ಲ. ಆದರೆ ಓದಿ ತಿಳಿದುದನ್ನು ವಿಚಾರಿಸಿ ನೋಡುವ ಹಕ್ಕು ಯಾವ ವಿದ್ಯಾರ್ಥಿಗೂ ಉಂಟು.

ಮೊದಲು ಸಂಗತಿಯನ್ನು ನೋಡೋಣ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಪ್ರೇರಣೆಯಿಂದ ಪಿತ್ತಜನಕಾಂಗ, ಅಂದರೆ ಲಿವರ್, ಇನ್ಸುಲಿನ್ನನ್ನು ಹೋಲುವ ಇನ್ನೊಂದು ದ್ರವ್ಯವನ್ನು ತಯಾರಿಸುತ್ತದೆ. ಇದಕ್ಕೆ ಐ.ಜಿ.ಎಫ್.-1 ಎಂದು ಹೆಸರು. ಜೀವಕೋಶಗಳಿಗೆ 'ಬೆಳೆಯಿರಿ, ಒಡೆದು ಎರಡಾಗಿರಿ' ಎಂದು ಆಜ್ಞೆ ತಲುಪಿಸುವುದು ಇದರ ಕೆಲಸ. ಮಗುವಿನ ಎಲುಬು ನೀಳವಾಗುವುದು ಈ ಆಜ್ಞೆಯಿಂದಲೇ. ಆದರೆ ಕೆಟ್ಟ ಕೋಶವೂ ಅದೇ ಆಜ್ಞೆಯನ್ನು ಕೇಳಿಸಿಕೊಳ್ಳುತ್ತದೆ. ತೊಡಕು ಇರುವುದು ಇಲ್ಲಿಯೇ.

2011ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇದಕ್ಕೆ ನಿದರ್ಶನ. ಬ್ರಿಟನ್ನಿನ ಸುಮಾರು 13 ಲಕ್ಷ ಸ್ತ್ರೀಯರನ್ನು ಕುರಿತದ್ದು ಒಂದು. ಎತ್ತರವು 10 ಸೆಂಟಿಮೀಟರ್ ಹೆಚ್ಚಿದಂತೆಲ್ಲ ಕ್ಯಾನ್ಸರಿನ ಸಂಭವ ಶೇಕಡಾ 16ರಷ್ಟು ಹೆಚ್ಚುವುದೆಂದು ಅದರಲ್ಲಿ ಕಂಡುಬಂತು. ಎಂದರೆ ನೂರರಲ್ಲಿ ಹದಿನಾರು ಜನಕ್ಕೆ ರೋಗ ಬರುವುದೆಂದಲ್ಲ. 100 ಜನಕ್ಕೆ ಬರುತ್ತಿದ್ದ ಕಡೆ 116 ಜನಕ್ಕೆ ಬಂದೀತೆಂದು ಅರ್ಥ. ಎರಡನೆಯದು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ್ದು. ಬೆಳವಣಿಗೆಯ ಹಾರ್ಮೋನಿನ ಆಜ್ಞೆ ದೇಹಕ್ಕೆ ತಾಗದೆ ಹುಟ್ಟಿನಿಂದ ಕುಳ್ಳರಾಗಿ ಉಳಿದ ಜನರನ್ನು ಗೆವಾರಾ-ಅಗೀರೆ ಎಂಬ ವೈದ್ಯರು 22 ವರ್ಷ ಗಮನಿಸಿದರು. ಅವರಲ್ಲಿ ಕ್ಯಾನ್ಸರ್ ಕಂಡದ್ದು ಒಬ್ಬರಿಗೆ ಮಾತ್ರ.

ಇದನ್ನು ಓದಿದವರು ದುಡುಕಿ ಒಂದು ತೀರ್ಮಾನಕ್ಕೆ ಬರಬಹುದು: ಬೆಳವಣಿಗೆ ಕಡಿಮೆಯಾದಷ್ಟೂ ಒಳ್ಳೆಯದಲ್ಲವೇ? ಹಾಲು ಐ.ಜಿ.ಎಫ್.-1ನ್ನು ಸ್ವಲ್ಪ ಹೆಚ್ಚಿಸುವುದೆಂಬುದೂ ತಿಳಿದ ಸಂಗತಿಯೇ. ಹಾಗಾದರೆ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನೂ, 2021ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಶಾಲೆಗಳಿಗೆ ಬಂದ ಮೊಟ್ಟೆಯನ್ನೂ ಮಕ್ಕಳಿಂದ ಕಸಿದುಕೊಳ್ಳಬೇಕೇ? ಇದಕ್ಕಿಂತ ಕ್ರೂರವಾದ ತರ್ಕ ಬೇರೊಂದಿಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತು. ಅಲ್ಲಿಯ ಬಡ ಕೂಲಿಕಾರನ ಮಗ ಕುಳ್ಳಾಗಿ ಉಳಿದರೆ ಅದು ವಂಶಗುಣದಿಂದಲೇ ಆದುದೆಂದು ಹೇಳಲಾಗದು, ರೋಗದಿಂದ ರಕ್ಷಣೆಯೂ ಅಲ್ಲ. ಹಸಿವು ಅವನ ಮೈಮೇಲೆ ಒತ್ತಿದ ಮುದ್ರೆಯೂ ಆಗಿರಬಹುದು. ಅರೆಹೊಟ್ಟೆಯ ಮಗು ಕ್ಯಾನ್ಸರಿನ ವಯಸ್ಸನ್ನು ಮುಟ್ಟುವ ಮೊದಲೇ ಬೇರೆ ಹತ್ತು ರೋಗಗಳಿಗೆ ತುತ್ತಾದೀತು. ಬೆಳೆಯುವ ಮಗುವಿಗೆ ಬೆಳೆಯುವಷ್ಟು ಅನ್ನ ದೊರೆಯಲೇಬೇಕು.

ಆದರೆ ಬೆಳೆದು ನಿಂತ ಮೇಲೆ ಮಾತು ಬೇರೆ. ಎತ್ತರವನ್ನು ನಾವು ತಗ್ಗಿಸಲಾರೆವು, ತೂಕವನ್ನು ತಗ್ಗಿಸಬಲ್ಲೆವು. ಮೈಯಲ್ಲಿ ಕೊಬ್ಬು ಮಿತಿಮೀರಿದರೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಮುಟ್ಟು ನಿಂತ ಸ್ತ್ರೀಯರಲ್ಲಿ ಕೊಬ್ಬೇ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಅತಿತೂಕಕ್ಕೂ 13 ಬಗೆಯ ಕ್ಯಾನ್ಸರುಗಳಿಗೂ ಸಂಬಂಧವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2016ರಲ್ಲಿ ಸಾರಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿಯ ಹೊಲಗಳು ಗದ್ದೆಗಳಾದುವು. ಜೋಳದ ರೊಟ್ಟಿಯ ಪಕ್ಕದಲ್ಲಿ ಅನ್ನದ ರಾಶಿ ಬಂದು ಕುಳಿತಿತು. ಸುಖ ಬಂದುದು ಸಂತೋಷವೇ. ಆದರೆ ರಾಯಚೂರಿನ ಅಂಗಡಿಯ ಗಾದಿಯ ಮೇಲೆ ದಿನವಿಡೀ ಕುಳಿತು, ನಾಲ್ಕು ಹೆಜ್ಜೆಗೂ ಮೋಟಾರ್ ಸೈಕಲ್ ಏರುವವರಿಗೆ ನಡಿಗೆಯೇ ಔಷಧ. ಕಳೆ ಕೀಳುವ ತಾಯಿಗೆ ಈ ಉಪದೇಶ ಬೇಡ. ಅವಳಿಗೆ ಬೇಕಾದುದು ಬೇಳೆ, ಸೊಪ್ಪು ಮತ್ತು ವಿಶ್ರಾಂತಿ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಇಬ್ಬರಿಗೂ ಒಂದೇ. ಅದರ ಅರ್ಥ ಮಾತ್ರ ಇಬ್ಬರಿಗೂ ಬೇರೆ ಬೇರೆ.

ಇನ್ನೊಂದು ಮಾತು. ಹಾರ್ಮೋನಿನ ಸೂಕ್ಷ್ಮ ಅಪಾಯವನ್ನು ಚರ್ಚಿಸುವ ಬಾಯಲ್ಲಿಯೇ ತಂಬಾಕು ಇದ್ದರೆ ಏನು ಹೇಳೋಣ? ಗುಟ್ಕಾವನ್ನು ನಮ್ಮ ಸರ್ಕಾರ 2013ರಲ್ಲಿ ನಿಷೇಧಿಸಿತು. ಈಗ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದು ಬಾಯಲ್ಲಿ ಒಂದಾಗುತ್ತಿವೆ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ವಿಷಯ. ಎತ್ತರದಿಂದ ಬರುವ ಅಪಾಯ ಒಂದು ಚಮಚವಾದರೆ ಇದು ಒಂದು ಕೊಡ. ಎತ್ತರವನ್ನು ನಾವು ಆರಿಸಿಕೊಳ್ಳಲಿಲ್ಲ. ಚೀಟಿಯನ್ನು ಹರಿಯುವ ಕೈ ನಮ್ಮದೇ.

ನಮ್ಮಲ್ಲಿ ಅನೇಕರು ಮನೆತನದಲ್ಲಿಯೇ ಮೊದಲ ಪದವೀಧರರಾಗಲಿದ್ದೇವೆ. ವೈದ್ಯರ ಚೀಟಿಯನ್ನು ಓದಿ ಹೇಳಬೇಕಾದವರು ಮನೆಯಲ್ಲಿ ನಾವೇ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ನಮಗೆ ಒಂದು ರಾತ್ರಿಯ ಪ್ರಯಾಣ. ಅಷ್ಟು ದೂರದ ಚಿಕಿತ್ಸೆಗೆ ತಡವಾಗಿ ಹೋಗುವುದಕ್ಕಿಂತ ರಾಯಚೂರಿನಲ್ಲಿಯೇ ಇರುವ ರಿಮ್ಸ್ ಆಸ್ಪತ್ರೆಗೆ ಬೇಗ ಹೋಗುವುದು ಲೇಸು. ಬಾಯಲ್ಲಿ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆ, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವ—ಇವನ್ನು ನಾಚಿಕೆಯಿಂದ ಮುಚ್ಚಿಡಬಾರದೆಂದು ತಾಯಿಗೆ, ಅತ್ತೆಗೆ, ಅಕ್ಕನಿಗೆ ನಾವು ಹೇಳದಿದ್ದರೆ ಇನ್ನಾರು ಹೇಳಬೇಕು? ನಮ್ಮ ಕಾಲೇಜಿನಲ್ಲಿಯೂ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ತೂಕ, ರಕ್ತ ಮತ್ತು ಬಾಯಿಯ ತಪಾಸಣೆ ನಡೆಯಲೆಂದು ಅಧ್ಯಾಪಕವೃಂದದಲ್ಲಿ ನನ್ನ ವಿನಂತಿ.

ದೇಹವು ನಮಗೆ ಕೊಟ್ಟದ್ದು ಸ್ವಲ್ಪ, ಸಮಾಜ ಕೊಟ್ಟದ್ದು ಸ್ವಲ್ಪ, ನಾವೇ ತಂದುಕೊಂಡದ್ದು ಬಹಳ. ಮೊದಲನೆಯದನ್ನು ಸಮಾಧಾನದಿಂದ ಒಪ್ಪಿಕೊಳ್ಳೋಣ. ಎರಡನೆಯದನ್ನು ಒಟ್ಟಾಗಿ ತಿದ್ದೋಣ. ಮೂರನೆಯದನ್ನು ಇಂದೇ ಬಿಡೋಣ.