ನವೀಕರಣದಲ್ಲಿ ಕಳೆದುಹೋಗುವ ವ್ಯಾಪಾರದ ಓಲೆಗಳು

ಕೃಷ್ಣಾ-ಘಟಪ್ರಭಾ ನದಿಗಳ ಆಸುಪಾಸಿನಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಕೃಷಿಯಷ್ಟೇ ವ್ಯಾಪಾರವನ್ನೂ ನಂಬಿ ಬದುಕಿದ ಊರುಗಳು. ರಬಕವಿ-ಬನಹಟ್ಟಿಯ ಮಗ್ಗಗಳಿಂದ ಸೀರೆಗಳು ಹೊರಡುತ್ತವೆ. ಮಹಾಲಿಂಗಪುರದ ಅಡತಿಗಳಿಂದ ಬೆಲ್ಲ ಹೊರಡುತ್ತದೆ. ಮುಧೋಳದ ಸೀಮೆಯಿಂದ ಸಕ್ಕರೆಯೂ ಸುಣ್ಣದ ಕಲ್ಲೂ ಹೊರಡುತ್ತವೆ. ಇವುಗಳ ಬೆನ್ನಿಗೆ ಒಂದು ಕಾಲದಲ್ಲಿ ಹೊರಡುತ್ತಿದ್ದುದು ಕಾಗದ, ಕಾರ್ಡು, ಹುಂಡಿ. ಈಗ ಹೊರಡುವುದು ಮಿಂಚಂಚೆ. ನೂಲಿನ ದರ, ಬಣ್ಣದ ನಮೂನೆ, ಸೀರೆಯ ಬೇಡಿಕೆ, ತಡವಾದ ಪಾವತಿಗೆ ಕೇಳಿದ ಕ್ಷಮೆ, ಉದ್ರಿಯ ನೆನಪೋಲೆ, ಮಾಲು ಹಿಂದಿರುಗಿಸಿದಾಗಿನ ಜಗಳ, ಇವೆಲ್ಲ ಇಂದು ಅಂಗೈಯಗಲದ ಒಂದು ಯಂತ್ರದೊಳಗಿವೆ. ಗದ್ದುಗೆಯ ಮೇಲಿನ ಕೀರ್ದಿ-ಖತಾವಣಿಗಳನ್ನು ಪ್ರತಿ ದೀಪಾವಳಿಗೆ ಪೂಜಿಸುವ ವ್ಯಾಪಾರಿ ಈ ಯಂತ್ರದೊಳಗಿನ ಓಲೆಗಳನ್ನು ದಾಖಲೆಯೆಂದು ಎಣಿಸುವುದಿಲ್ಲ. ಎಣಿಸುವ ಗಳಿಗೆ ಬರುವುದು ಅವು ಇಲ್ಲವಾದ ಮೇಲೆ.

ಅವು ಇಲ್ಲವಾಗುವ ಬಗೆ ಬಹುಮಟ್ಟಿಗೆ ಒಂದೇ. ಕಳ್ಳತನವಲ್ಲ, ಬೆಂಕಿಯಲ್ಲ, ನೆರೆಯಲ್ಲ, ಸುಧಾರಣೆ. ಸೇವೆಯನ್ನು ಉತ್ತಮಗೊಳಿಸಲಾಗಿದೆ, ಹೊಸ ಆವೃತ್ತಿಯನ್ನು ಸ್ವೀಕರಿಸಿ ಎಂಬ ಸೂಚನೆ ಬರುತ್ತದೆ. ಹಳೆಯ ಖಾತೆಯನ್ನು ಅಳಿಸಿ ಹೊಸದನ್ನು ಜೋಡಿಸಲಾಗುತ್ತದೆ. ಮರುದಿನ ಪೆಟ್ಟಿಗೆ ತೆರೆದರೆ ಹೊಸ ಪತ್ರಗಳು ಬರುತ್ತಿರುತ್ತವೆ, ಹಳೆಯವು ಇರುವುದಿಲ್ಲ. ಇದರಲ್ಲಿ ಮಾಯವೇನೂ ಇಲ್ಲ. ಪಾಪ್ ಎಂದು ಕರೆಯಲಾಗುವ ಹಳೆಯ ಪದ್ಧತಿಯಲ್ಲಿ ಮಿಂಚಂಚೆಯು ಸಂಸ್ಥೆಯ ಸರ್ವರಿನಿಂದ ಬಳಕೆದಾರನ ಯಂತ್ರಕ್ಕೆ ಇಳಿಯುತ್ತದೆ. ಒಂದು ಪ್ರತಿಯನ್ನು ಸರ್ವರಿನಲ್ಲಿ ಬಿಡಬೇಕೆಂದು ಮೊದಲೇ ಹೇಳಿರದಿದ್ದರೆ ಅಲ್ಲಿಂದ ಅಳಿದುಹೋಗುವುದೂ ಉಂಟು. ಐಮ್ಯಾಪ್ ಎಂಬ ಇನ್ನೊಂದು ಪದ್ಧತಿಯಲ್ಲಿ ಪತ್ರವಿರುವುದು ಸರ್ವರಿನಲ್ಲಿ. ಮೊಬೈಲು ಅದರ ಕನ್ನಡಿ ಮಾತ್ರ. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವಾಗ ಮೊಬೈಲಿನಲ್ಲಿದ್ದ ಹಳೆಯ ಖಾತೆಯನ್ನು ಅಳಿಸಿದರೆ, ಅದರೊಳಗೆ ಇಳಿದಿದ್ದ ಪತ್ರಗಳೂ ಅಳಿಯುತ್ತವೆ. ಹೊಸ ಕನ್ನಡಿಯು ಬರಿದಾದ ಗೋಡೆಯನ್ನು ತೋರಿಸುತ್ತದೆ.

ವ್ಯಾಪಾರಿಗೆ ಇದರ ನಷ್ಟ ರೂಪಾಯಿಯಲ್ಲಿ ಎಣಿಸಬಹುದಾದದ್ದು. ಬಾಕ್ಸೈಟ್ ಪೂರೈಕೆಯ ವ್ಯಾಜ್ಯವೊಂದರಲ್ಲಿ 2010ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಮಿಂಚಂಚೆಗಳ ಮೂಲಕ ನಡೆದ ಮಾತುಕತೆಯೇ ಒಪ್ಪಂದವಾಗಬಲ್ಲದು ಎಂದು ತೀರ್ಪಿತ್ತಿತು. ಸರಕು ಮತ್ತು ಸೇವಾ ತೆರಿಗೆಯ ಕಾನೂನು ವಾರ್ಷಿಕ ವಿವರಣಪತ್ರ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಇಟ್ಟುಕೊಳ್ಳಬೇಕೆಂದು ವಿಧಿಸುತ್ತದೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ವಿದ್ಯುನ್ಮಾನ ದಾಖಲೆಯನ್ನು ನಿಗದಿತ ಪ್ರಮಾಣಪತ್ರದೊಡನೆ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ಅಂದರೆ ಕಾನೂನು ಮಿಂಚಂಚೆಯನ್ನು ಪತ್ರವೆಂದು ಒಪ್ಪಿದೆ. ಅದನ್ನು ಪತ್ರದಂತೆ ಕಾಪಾಡುವ ಅಭ್ಯಾಸವು ಮಾತ್ರ ಅಂಗಡಿಗೆ ಇನ್ನೂ ಬಂದಿಲ್ಲ.

ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸವೆಂಬ ಪ್ರಶ್ನೆ ಏಳಬಹುದು. ಉತ್ತರಕ್ಕೆ 12ನೆಯ ಶತಮಾನಕ್ಕೆ ಹೋಗಬೇಕು. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದ ನೇಮಿನಾಥ ಬಸದಿಯ ಶಾಸನವು ಆ ಶತಮಾನದ್ದು. ಅದರಲ್ಲಿ ಅಯ್ಯಾವೊಳೆಯ ಐನೂರ್ವರ ಪರಂಪರೆಯ ವೀರಬಣಂಜುಗಳ ಹೆಸರುಂಟು. ಅಯ್ಯಾವೊಳೆಯೆಂದರೆ ಇದೇ ಬಾಗಲಕೋಟೆ ಜಿಲ್ಲೆಯ ಐಹೊಳೆ. ಆ ಐನೂರ್ವರ ಹೆಸರು ಹೊತ್ತ 1088ರ ತಮಿಳು ಶಾಸನವೊಂದು ದೂರದ ಸುಮಾತ್ರಾದಲ್ಲಿಯೂ ದೊರೆತಿದೆ. ಇಷ್ಟು ದೂರ ಕೈಚಾಚಿದ ವರ್ತಕರು ಕಲ್ಲಿನಲ್ಲಿ ಬಿಟ್ಟುಹೋದದ್ದು ಮುಖ್ಯವಾಗಿ ತಮ್ಮ ಬಿರುದು ಮತ್ತು ದಾನ. ಅವರು ಯಾರನ್ನು ನಂಬಿದರು, ಯಾವ ಸರಕಿನಲ್ಲಿ ಸೋತರು, ಯಾವ ಪಾಲುಗಾರನೊಡನೆ ಮುನಿಸಿಕೊಂಡರು ಎಂಬುದನ್ನು ಹೇಳುವ ಓಲೆ ಉಳಿದಿಲ್ಲ.

ಅದೇ ಶತಮಾನದಲ್ಲಿ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿದ್ದನು. ಟ್ಯುನೀಷಿಯಾ ಮೂಲದ ಇವನು 1130ರ ದಶಕದಿಂದ 1149ರವರೆಗೆ ಕರಾವಳಿಯಲ್ಲಿ ನೆಲಸಿ ಮೆಣಸು, ಅಡಕೆ, ಕಬ್ಬಿಣಗಳ ವ್ಯಾಪಾರ ನಡೆಸಿದನು. ಕಂಚಿನ ಕೆಲಸದ ಕಾರ್ಖಾನೆಯನ್ನೂ ಇಟ್ಟಿದ್ದನು. ಏಡನ್ನಿನ ವರ್ತಕರು ಇವನಿಗೆ ಬರೆದ ಪತ್ರಗಳು ಕೈರೋದ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಉಳಿದವು. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದೆಂಬ ಆಚಾರವೇ ಅವನ್ನು ಉಳಿಸಿತು. ಎಸ್. ಡಿ. ಗೋಯಿಟೈನ್ ಅವರ ಸಂಶೋಧನೆಯಿಂದ ಅವು ವಿದ್ವತ್ ಲೋಕಕ್ಕೆ ತಿಳಿದವು. ಅಮಿತಾವ್ ಘೋಷ್ ಅವರ 1992ರ ಕೃತಿಯಿಂದ ಸಾಮಾನ್ಯ ಓದುಗರಿಗೂ ತಲುಪಿದವು. ಆ ಪತ್ರಗಳಲ್ಲಿ ಕಾವ್ಯವಿಲ್ಲ. ಬಾಕಿ, ಸರಕು, ಕಾಣಿಕೆ, ದೂರು ಇವೆ. ಆದರೂ ಬೊಮ್ಮನೆಂಬ ತುಳುನಾಡಿನ ಸೇವಕನೊಬ್ಬ ಇಂದು ಇತಿಹಾಸದಲ್ಲಿ ಬದುಕಿರುವುದು ಅವುಗಳಿಂದಲೇ. ಒಂದೇ ಶತಮಾನದ ಎರಡು ವ್ಯಾಪಾರಗಳಲ್ಲಿ ಒಂದರ ದನಿ ಕೇಳಿಸುತ್ತದೆ, ಇನ್ನೊಂದರ ಬಿರುದು ಮಾತ್ರ ಕಾಣಿಸುತ್ತದೆ. ಈ ಅಂತರವನ್ನು ಉಂಟುಮಾಡಿದ್ದು ವರ್ತಕರ ಯೋಗ್ಯತೆಯಲ್ಲ, ಪತ್ರದ ಉಳಿವು.

ಕಳೆದುಹೋದದ್ದರ ಅಳತೆಯನ್ನು ಮುಧೋಳವು ಇನ್ನೊಂದು ಬಗೆಯಲ್ಲಿ ಬಲ್ಲದು. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನ ಊರು ಮುದುವೊಳಲು, ಇಂದಿನ ಮುಧೋಳ. ಅವನ ಅಜಿತಪುರಾಣ ಮತ್ತು ಸಾಹಸಭೀಮವಿಜಯ ಉಳಿದಿವೆ. ಪರಶುರಾಮಚರಿತ ಮತ್ತು ಚಕ್ರೇಶ್ವರಚರಿತಗಳ ಹೆಸರಷ್ಟೇ ಉಳಿದಿದೆ. ಅವೆರಡನ್ನು ಯಾರಾದರೂ ಸುಟ್ಟರೆಂಬುದಕ್ಕೆ ಆಧಾರವಿಲ್ಲ. ತಾಳೆಗರಿಯ ಆಯುಸ್ಸು ಮುಗಿಯುತ್ತ ಬಂದಾಗ ಹೊಸ ಗರಿಗೆ ಇಳಿಸುವ ಕೈ ದೊರೆಯದಿದ್ದರೆ ಕೃತಿಯೊಂದು ಸಾಯಲು ಅಷ್ಟೇ ಸಾಕು. ಅಜಿತಪುರಾಣವನ್ನು 993ರಲ್ಲಿ ಬರೆಸಿದ ಅತ್ತಿಮಬ್ಬೆಗೆ ಈ ಸತ್ಯವು ತಿಳಿದಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅವಳು ಬರೆಯಿಸಿ ಹಂಚಿದಳೆಂಬುದು ಕನ್ನಡ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಸಂಗತಿ. ಅದನ್ನು ಔದಾರ್ಯದ ಕಥೆಯಾಗಿ ಓದುವುದು ರೂಢಿ. ದಾಖಲೆಯ ಸಂರಕ್ಷಣೆಯ ಕಥೆಯಾಗಿಯೂ ಓದಬೇಕು. ಒಂದು ಭಂಡಾರದಲ್ಲಿ ಸಾವಿರ ಪ್ರತಿಯಿದ್ದರೆ ಒಂದು ಬೆಂಕಿ ಸಾಕು. ಸಾವಿರ ಮನೆಗಳಲ್ಲಿ ಒಂದೊಂದಿದ್ದರೆ ಕಾಲವೂ ಸೋಲುತ್ತದೆ.

ದಾಟುವ ಗಳಿಗೆಯೇ ಅಪಾಯದ ಗಳಿಗೆ ಎಂಬುದಕ್ಕೆ ಈ ಭಾಗದಲ್ಲಿ ಹತ್ತಿರದ ಸಾಕ್ಷ್ಯಗಳೂ ಇವೆ. ಪಟವರ್ಧನರ ಜಮಖಂಡಿ ಮತ್ತು ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರಿತು. ಮರಾಠಿ ದಫ್ತರಗಳ ರೂಢಿಯ ಲಿಪಿಯಾಗಿದ್ದ ಮೋಡಿಯು ಅದೇ ಹೊತ್ತಿನಲ್ಲಿ ಬಳಕೆಯಿಂದ ಮರೆಯಾಯಿತು. ಆಡಳಿತ ಬದಲಾಯಿತು, ಭಾಷೆ ಬದಲಾಯಿತು, ಲಿಪಿಯೂ ಬದಲಾಯಿತು. ಮೋಡಿಯಲ್ಲಿ ಬರೆದ ಕಾಗದವು ಅಟ್ಟದ ಮೇಲೆ ಹಾಳಾಗದೆ ಇದ್ದರೂ ಅದನ್ನು ಓದುವ ಕಣ್ಣು ಮನೆಯಲ್ಲಿ ಇಲ್ಲವಾಯಿತು. ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳದ್ದು ಮತ್ತೊಂದು ಬಗೆಯ ದಾಟು. ಆಲಮಟ್ಟಿ ಜಲಾಶಯದ ಹಿನ್ನೀರು ಏರಿದಾಗ ಊರುಗಳೇ ಪುನರ್ವಸತಿ ಕೇಂದ್ರಗಳಿಗೆ ಸಾಗಿದವು. ಮನೆ ಬಿಡುವವರು ಮೊದಲು ಎತ್ತಿಕೊಳ್ಳುವುದು ದೇವರು, ಕಾಳು, ಪಾತ್ರೆ. ಹೊಲದ ಉತಾರವನ್ನು ಪರಿಹಾರಕ್ಕಾಗಿ ಎತ್ತಿಕೊಳ್ಳುತ್ತಾರೆ. ಅಜ್ಜನ ಕಾಲದ ಅಂಗಡಿಯ ಕಾಗದದ ಗಂಟಿಗೆ ಬಂಡಿಯಲ್ಲಿ ಜಾಗ ಸಿಗುವುದು ಕೊನೆಗೆ, ಸಿಕ್ಕರೆ.

ಗಣಕಯುಗದ ಕನ್ನಡವೂ ಇಂತಹ ದಾಟನ್ನು ಕಂಡಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಪತ್ರಗಳು ಯೂನಿಕೋಡ್‌ಗೆ ಪರಿವರ್ತನೆಗೊಳ್ಳದೆ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತವೆ. ಅವು ಮೋಡಿಯ ಕಾಗದಗಳ ತಮ್ಮಂದಿರು: ಇವೆ, ಆದರೆ ಓದಲಾಗದು. ಓದಲಾಗದ್ದನ್ನು ಕಸವೆಂದು ಅಳಿಸುವ ಬೆರಳಿಗೆ ತಡವಾಗುವುದಿಲ್ಲ.

ದೊಡ್ಡ ಸಂಸ್ಥೆಗಳ ಸರ್ವರಿನಲ್ಲಿದ್ದರೆ ಭಯವಿಲ್ಲವೆಂಬ ಮಾತನ್ನು ಪೂರ್ತಿ ನಂಬಲಾಗದು. 2011ರ ಫೆಬ್ರವರಿಯ ಕೊನೆಯಲ್ಲಿ ಜಿಮೇಲ್‌ನ ಶೇಕಡಾ 0.02ರಷ್ಟು ಬಳಕೆದಾರರ ಪೆಟ್ಟಿಗೆಗಳು ಬರಿದಾದವು. ಕಾರಣ, ಸಂಗ್ರಹದ ತಂತ್ರಾಂಶಕ್ಕೆ ಮಾಡಿದ ಒಂದು ನವೀಕರಣದ ದೋಷ. ಬೇರೆ ಬೇರೆ ಕೇಂದ್ರಗಳಲ್ಲಿ ಪ್ರತಿಗಳಿದ್ದರೂ ಆ ದೋಷವು ಹಲವು ಪ್ರತಿಗಳನ್ನು ಒಟ್ಟಿಗೆ ತಟ್ಟಿತು. ಕೊನೆಗೆ ಪತ್ರಗಳನ್ನು ಮರಳಿ ತಂದದ್ದು ಜಾಲದಿಂದ ಹೊರಗೆ ಇಟ್ಟಿದ್ದ ಕಾಂತಸುರುಳಿಗಳು. ಬೇರೆ ಊರಿನಲ್ಲಿ ಪ್ರತಿಯಿದ್ದರೆ ಸಾಲದು, ಬೇರೆ ಬಗೆಯ ಪ್ರತಿಯೂ ಇರಬೇಕೆಂಬುದು ಅದರ ಪಾಠ.

ಕರ್ನಾಟಕವು ಈ ಪಾಠವನ್ನು ಮೊದಲೇ ಆಚರಿಸಿ ತೋರಿಸಿದೆ. ಮೂಡಬಿದಿರೆಯಲ್ಲಿದ್ದ ಧವಲ ಸಿದ್ಧಾಂತ ಗ್ರಂಥಗಳ ತಾಡಪ್ರತಿಗಳು ಹಳಗನ್ನಡ ಲಿಪಿಯವು. 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಆರಂಭದವರೆಗೆ ಅವನ್ನು ಕನ್ನಡ ಮತ್ತು ದೇವನಾಗರಿ ಲಿಪಿಗಳಿಗೆ ಪ್ರತಿಮಾಡುವ ಕೆಲಸ ವರ್ಷಗಟ್ಟಲೆ ನಡೆಯಿತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಅಚ್ಚಾಗತೊಡಗಿತು. ಲಿಪಿ ಬದಲಾಯಿತು, ಮಾಧ್ಯಮ ಬದಲಾಯಿತು. ಆದರೆ ಹೊಸದು ಬಂದಿತೆಂದು ಹಳೆಯ ಗರಿಗಳನ್ನು ಹೊಳೆಗೆ ಬಿಡಲಿಲ್ಲ. ಆದ್ದರಿಂದಲೇ ಮುಂದಿನ ಸಂಪುಟಗಳ ಪಾಠವನ್ನು ಮೂಲದೊಡನೆ ಹೋಲಿಸಿ ತಿದ್ದಲು ಸಾಧ್ಯವಾಯಿತು. ಸರಿಯಾದ ನವೀಕರಣವೆಂದರೆ ಇದು: ಹೊಸದನ್ನು ಹಳೆಯದರೊಡನೆ ತಾಳೆನೋಡಿ ಮುಗಿಯುವವರೆಗೆ ಹಳೆಯದು ಇರಬೇಕು.

ಎಲ್ಲವನ್ನೂ ಉಳಿಸಲು ಸಾಧ್ಯವೇ, ಉಳಿಸಬೇಕೇ ಎಂಬ ಆಕ್ಷೇಪಕ್ಕೆ ಬಲವಿದೆ. ಜಾಹೀರಾತುಗಳ ರಾಶಿಯಲ್ಲಿ ಇತಿಹಾಸವಿಲ್ಲ. ವ್ಯಾಪಾರದ ಗುಟ್ಟು ಪರರ ಕೈಗೆ ಹೋಗಬಾರದೆಂಬ ವರ್ತಕನ ಎಚ್ಚರವೂ ನ್ಯಾಯವಾದದ್ದು. ಆದರೆ ಆಯ್ದು ಬಿಡುವುದು ಬೇರೆ, ಅರಿವಿಲ್ಲದೆ ಕಳೆದುಕೊಳ್ಳುವುದು ಬೇರೆ. ಮೊದಲನೆಯದು ವಿವೇಕ, ಎರಡನೆಯದು ಅನಾಥತನ. ಗುಟ್ಟಿನ ಪ್ರಶ್ನೆಗೂ ಉತ್ತರವಿದೆ: ಇಂದಿನ ಪತ್ರವನ್ನು ಇಂದೇ ಯಾರಿಗೂ ತೋರಿಸಬೇಕಿಲ್ಲ, ಮೂವತ್ತು ವರ್ಷ ಮುದ್ರೆಯೊತ್ತಿ ಇಟ್ಟರೂ ಇತಿಹಾಸಕ್ಕೆ ತಡವಾಗದು.

ಮಾಡಬೇಕಾದ ಕೆಲಸ ಸಣ್ಣದು. ಖಾತೆ ಬದಲಿಸುವ ಮುನ್ನ ಹಳೆಯ ಪತ್ರಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು. ಜಾಲಕ್ಕೆ ಜೋಡಿಸದ ಇನ್ನೊಂದು ಸಂಗ್ರಹದಲ್ಲಿ ಒಂದು ಪ್ರತಿ ಇಡಬೇಕು. ಒಪ್ಪಂದ, ದರ, ಪಾವತಿಯ ಪತ್ರಗಳನ್ನು ವರ್ಷಕ್ಕೊಮ್ಮೆ ಅಚ್ಚುಹಾಕಿಸಿ ಖತಾವಣಿಯ ಜತೆಗೆ ಕಟ್ಟಿಡಬೇಕು. ದೀಪಾವಳಿಯ ಖಾತೆಪೂಜೆಯ ದಿನವೇ ಇದಕ್ಕೆ ತಕ್ಕ ದಿನ. ಹಸ್ತಪ್ರತಿಗಳನ್ನು ಹುಡುಕಿ ಊರೂರು ತಿರುಗುವ ಸಂಶೋಧಕನೂ, ಜಮಖಂಡಿ-ಮುಧೋಳಗಳ ಕಾಲೇಜುಗಳ ವಿದ್ಯಾರ್ಥಿಯೂ ಅಟ್ಟದ ಗಂಟನ್ನು ಕೇಳಿದಂತೆ ಅಂಗಡಿಯ ಹಳೆಯ ಮೊಬೈಲನ್ನೂ ಕೇಳತೊಡಗಬೇಕು. ಐನೂರ್ವರ ಓಲೆಗಳು ಉಳಿಯಲಿಲ್ಲವೆಂದು ಮರುಗುವವರ ಕಣ್ಣೆದುರಿಗೇ ಬನಹಟ್ಟಿಯ ನೇಕಾರನ ಪತ್ರಗಳು ಅಳಿಯುತ್ತಿವೆ. ರನ್ನನ ಎರಡು ಕೃತಿಗಳನ್ನು ಮರಳಿ ತರಲು ಇಂದು ಯಾರಿಂದಲೂ ಆಗದು. ಈ ಪತ್ರಗಳ ಒಂದು ಪ್ರತಿಯನ್ನು ಮಾಡಿಡಲು ಒಂದು ಸಂಜೆ ಸಾಕು.