ಮರಿ ಉಳಿದದ್ದು ಸೊಪ್ಪಿನಿಂದಲೋ, ಡ್ರಿಪ್‌ನಿಂದಲೋ?

ನಿನ್ನೆಯವರೆಗೂ ಕುಣಿಯುತ್ತಿದ್ದ ನಾಯಿಮರಿ ಇವತ್ತು ಮೂಲೆ ಹಿಡಿಯುತ್ತದೆ. ವಾಂತಿ, ರಕ್ತ ಬೆರೆತ ಭೇದಿ. ನಾಯಿ ಸಾಕಿದವರಿಗೆಲ್ಲ ‘ಪಾರ್ವೊ’ ಎಂಬ ಹೆಸರು ಕೇಳಿದರೇ ನಡುಕ. 1970ರ ದಶಕದ ಕೊನೆಯಲ್ಲಿ ಜಗತ್ತಿಗೆಲ್ಲ ಹಬ್ಬಿದ ಈ ವೈರಾಣುವನ್ನು ನೇರವಾಗಿ ತಡೆಯುವ ಮಾತ್ರೆ ಇನ್ನೂ ಬಂದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಒಂದು ಆ್ಯಂಟಿಬಾಡಿ ಚುಚ್ಚುಮದ್ದಿಗೆ ಷರತ್ತುಬದ್ಧ ಅನುಮತಿ ಸಿಕ್ಕಿತು. ಉಳಿದಂತೆ ಚಿಕಿತ್ಸೆಯೆಂದರೆ ಡ್ರಿಪ್, ವಾಂತಿ ನಿಲ್ಲಿಸುವ ಔಷಧ, ಆ್ಯಂಟಿಬಯಾಟಿಕ್.

ಈ ಕೊರತೆ ತುಂಬಲು ಸಸ್ಯಗಳ ಕಡೆ ಕಣ್ಣು ಹೋಗುವುದು ಸಹಜ. ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್, ನೆಲಬೇವಿನ ಆಂಡ್ರೋಗ್ರಾಫೊಲೈಡ್ ವೈರಾಣುವಿನ ಪ್ರೋಟೀನಿಗೆ ಅಂಟುತ್ತವೆಯೇ ಎಂದು ಕಂಪ್ಯೂಟರಿನಲ್ಲಿ ನೋಡುವುದಕ್ಕೆ ‘ಡಾಕಿಂಗ್’ ಎನ್ನುತ್ತಾರೆ. ಉಚಿತ ಸಾಫ್ಟ್‌ವೇರ್, ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಬಯೋಟೆಕ್ ಓದುವವರ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದು ಊಹೆ, ಔಷಧವಲ್ಲ.

ಮುಂದಿನ ಹೆಜ್ಜೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲಿನ ಪರೀಕ್ಷೆ. ಪಾರ್ವೊ ಕೈಕೊಡುವುದು ಇಲ್ಲೇ. ತನ್ನ ಡಿಎನ್‌ಎ ನಕಲು ಮಾಡಲು ಬೇಕಾದ ಕಿಣ್ವ ಈ ವೈರಾಣುವಿಗೆ ಸ್ವಂತದ್ದಿಲ್ಲ. ವೇಗವಾಗಿ ವಿಭಜನೆಯಾಗುವ ಕರುಳಿನ, ಅಸ್ಥಿಮಜ್ಜೆಯ ಕೋಶಗಳನ್ನು ಹೊಕ್ಕು ಅವುಗಳ ಯಂತ್ರವನ್ನೇ ಎರವಲು ಪಡೆಯುತ್ತದೆ. ಕೋಶ ಸೊರಗಿದರೆ ವೈರಾಣುವೂ ಕಡಿಮೆಯಾಗುತ್ತದೆ. ಹಾಗಾಗಿ ‘ವೈರಾಣು ಇಳಿಯಿತು’ ಎಂದಾಗ, ಎಷ್ಟು ಪ್ರಮಾಣಕ್ಕೆ ಕೋಶವೇ ಸಾಯುತ್ತದೆ ಎಂಬ ಲೆಕ್ಕವೂ ಪಕ್ಕದಲ್ಲಿರಬೇಕು. ಕರ್ಕ್ಯುಮಿನ್ ಬೇಗ ಒಡೆಯುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ, ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ಕೊಡಬಲ್ಲದು ಎಂದು ರಸಾಯನವಿಜ್ಞಾನಿಗಳು 2017ರಲ್ಲೇ ವಿವರವಾಗಿ ಬರೆದಿದ್ದಾರೆ. ಸಾರಿಗೆ ಹಾಕುವ ಅರಿಶಿನಕ್ಕೆ ಇದರಿಂದ ಅವಮಾನವೇನಿಲ್ಲ!

ಕೊನೆಗೆ ನಾಯಿ. ಚಿಕಿತ್ಸೆಯೇ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಮರಿಗಳು ಸಾಯಬಹುದು. ಒಳ್ಳೆಯ ಆರೈಕೆ ಸಿಕ್ಕರೆ ಬಹುಪಾಲು ಬದುಕುತ್ತವೆ. ಡ್ರಿಪ್ ಜೊತೆಗೆ ಪಪ್ಪಾಯಿ ಎಲೆಯ ರಸ ಕುಡಿಸಿ ಮರಿ ಎದ್ದು ನಿಂತರೆ ಹೆಸರು ಬರುವುದು ರಸಕ್ಕೆ. ನಿಜ ತಿಳಿಯಬೇಕಾದರೆ ಎಲ್ಲ ಮರಿಗಳಿಗೂ ಡ್ರಿಪ್ ಕೊಟ್ಟು, ಚೀಟಿ ಎತ್ತಿದಂತೆ ಅರ್ಧಕ್ಕೆ ಮಾತ್ರ ಸಸ್ಯದ ಸಾರ, ಉಳಿದವಕ್ಕೆ ಅದರಂತೆಯೇ ಕಾಣುವ ಬೇರೊಂದು ದ್ರವ ಕೊಡಬೇಕು. ಯಾವ ಮರಿಗೆ ಯಾವುದು ಎಂಬುದು ಲಕ್ಷಣ ಬರೆದುಕೊಳ್ಳುವವರಿಗೂ ತಿಳಿಯಬಾರದು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಇದಕ್ಕೆ ಹಣ, ತಾಳ್ಮೆ, ತರಬೇತಾದ ಕೈಗಳು ಬೇಕು. ಡಾಕಿಂಗ್ ಪ್ರಬಂಧಗಳ ರಾಶಿಗೆ ಇನ್ನೊಂದು ಸೇರಿಸುವುದಕ್ಕಿಂತ ಇಂಥ ಒಂದು ಪ್ರಯೋಗದ ದಾಖಲೆ ಇಡಲು ಕಲಿಯುವುದು ಮೇಲು ಎಂದು ನನಗನ್ನಿಸುತ್ತದೆ.

ಗಿಡದ್ದು, ತೊಂದರೆಯಿಲ್ಲ ಎನ್ನುವವರು ಈರುಳ್ಳಿಯನ್ನೇ ನೋಡಲಿ. ಕ್ವೆರ್ಸೆಟಿನ್ ಹೇರಳವಾಗಿರುವ ಅದೇ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಸದ್ಯಕ್ಕೆ ಕೈಯಲ್ಲಿರುವ ಗಟ್ಟಿ ಉಪಾಯ ಲಸಿಕೆ: 6ರಿಂದ 8 ವಾರದಲ್ಲಿ ಮೊದಲ ಡೋಸ್, ಆಮೇಲೆ 16 ವಾರ ತುಂಬುವವರೆಗೆ ಮೂರು–ನಾಲ್ಕು ವಾರಕ್ಕೊಮ್ಮೆ.